ಊದಿದವರ ಲೇಖನ

ನಾನು ಮಾಡುತ್ತಿದ್ದ ಕೆಲಸಕ್ಕೆ ನಮ್ಮೂರು ತೊಂಡೇಬಾವಿಯಲ್ಲಿ ಇವತ್ತಿಗೂ ಒಂದು ಹೆಸರಿಲ್ಲ. ಚಿಕ್ಕಬಳ್ಳಾಪುರದ ಹೊರಗಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೆ ಅಂದರೆ, ಪುಸ್ತಕ ಕೊಟ್ಟು ವಾಪಸ್ ತಗೊಳ್ಳೋರು ಅನ್ನುತ್ತಾರೆ. ಅದನ್ನೂ ಮಾಡಿದ್ದೇನೆ. ಆದರೆ ಕೊನೆಯ ಹಲವು ವರ್ಷ ನನ್ನ ಕೆಲಸ ಬೇರೆಯಾಗಿತ್ತು. ನಮ್ಮ ಅಧ್ಯಾಪಕರು ಬರೆದ ಸಂಶೋಧನಾ ಲೇಖನ ಯಾವುದೋ ಪತ್ರಿಕೆಯಲ್ಲಿ ಅಚ್ಚಾದ ಮೇಲೆ, ಅದನ್ನು ಇನ್ನಷ್ಟು ಜನ ಓದುವ ಹಾಗೆ ಮಾಡುವುದು. ನಿವೃತ್ತಿಯಾಗಿ ಒಂದು ವರ್ಷ ಕಳೆದಿದೆ. ಈಗ ನನ್ನ ಕುರ್ಚಿಯಲ್ಲಿ ಕೂತಿರುವ ಹುಡುಗಿ ಫೋನ್ ಮಾಡಿ, "ಮೇಡಂ, ನೀವು ಏನೇನು ಮಾಡ್ತಿದ್ರಿ ಅಂತ ಒಂದ್ಕಡೆ ಬರ್ಕೊಡಿ. ಇಲ್ಲಿ ಯಾರಿಗೂ ಗೊತ್ತಿಲ್ಲ" ಅಂದಳು. ಅವಳಿಗಾಗಿ, ಅವಳಂಥವರಿಗಾಗಿ ಬರೆಯುತ್ತಿದ್ದೇನೆ. ಕಂಡದ್ದನ್ನಷ್ಟೇ ಬರೆಯುತ್ತೇನೆ. ನೆನಪು ಖಚಿತವಿಲ್ಲದ ಕಡೆ ಇಲ್ಲ ಎಂದೇ ಹೇಳುತ್ತೇನೆ.

ನಾನು ಸೇರಿದ ಕಾಲಕ್ಕೆ ಇದು ಅಂಚೆಯ ಕೆಲಸ. ಲೇಖನ ಅಚ್ಚಾದರೆ ಪತ್ರಿಕೆಯವರು ಲೇಖಕರಿಗೆ ಆ ಪುಟಗಳನ್ನಷ್ಟೇ ಹೊಲಿದ ಒಂದಿಷ್ಟು ಬಿಡಿಪ್ರತಿ ಕಳಿಸುತ್ತಿದ್ದರು. ಅದೇ ವಿಷಯ ಅಭ್ಯಾಸ ಮಾಡುತ್ತಿರುವ ಯಾರೋ ದೂರದ ದೇಶದಿಂದ ಕಾರ್ಡು ಬರೆದು ಒಂದು ಪ್ರತಿ ಕೇಳುತ್ತಿದ್ದರು. ನಾನು ಲಕೋಟೆಗೆ ಹಾಕಿ, ವಿಳಾಸ ಬರೆದು ಕಳಿಸುತ್ತಿದ್ದೆ. ಓದುಗ ಅಂದರೆ ನನ್ನ ಕಣ್ಣಮುಂದೆ ಒಂದು ಕೈಬರಹ ಇರುತ್ತಿತ್ತು. ಕೇಳಿದವರಿಗೆ ಕೊಡುವುದು, ಅಷ್ಟೇ. ಕೇಳದವರಿಗೂ ತಲುಪಿಸಬೇಕು ಎಂಬ ಯೋಚನೆ ಆಗ ನಮಗೆ ಯಾರಿಗೂ ಇರಲಿಲ್ಲ.

ಕಾರ್ಡುಗಳು ನಿಂತು ಎಲ್ಲವೂ ಕಂಪ್ಯೂಟರಿಗೆ ಬಂದ ಮೇಲೆ ಓದುವುದು ಸುಲಭವಾಗಬೇಕಿತ್ತು. ಆಗಿದ್ದು ಬೇರೆ. ನಮ್ಮಲ್ಲಿ ಭೂವಿಜ್ಞಾನದ ಒಬ್ಬ ಮೇಷ್ಟ್ರು ಇದ್ದರು. ಗೌರಿಬಿದನೂರು ಕಡೆಯ ಕೊಳವೆಬಾವಿಗಳ ನೀರಿನ ಬಗ್ಗೆ ಅವರ ಲೇಖನ ಒಂದು ಒಳ್ಳೆಯ ಪತ್ರಿಕೆಯಲ್ಲಿ ಬಂತು. ಹಬ್ಬಕ್ಕೆ ಗೌರಿಬಿದನೂರಿನ ಮಾವನ ಮನೆಗೆ ಹೋದವರು, ನೋಡಿ ಮಾವ ಎಂದು ಲ್ಯಾಪ್‌ಟಾಪ್ ತೆರೆದರಂತೆ. ಪತ್ರಿಕೆಯ ಜಾಲತಾಣ, ಓದಬೇಕಾದರೆ ಇಷ್ಟು ಡಾಲರ್ ಕಟ್ಟಿ ಎಂದಿತು. ಮಾವ ಸ್ವಲ್ಪ ಹೊತ್ತು ನೋಡಿ, "ಅಳಿಯಂದ್ರೇ, ನೀವ್ ಬರ್ದಿದ್ದನ್ನ ನೀವೇ ನೋಡಕ್ಕೆ ದುಡ್ಡು ಕೇಳ್ತಾರಾ? ಹಂಗಾದ್ರೆ ಬರ್ದಿದ್ದು ನೀವೇನಾ?" ಅಂದರಂತೆ. ಮೇಷ್ಟ್ರು ಸೋಮವಾರ ಬೆಳಿಗ್ಗೆ ನೇರ ನನ್ನ ಮೇಜಿಗೆ ಬಂದರು. ನನ್ನ ಹೊಸ ಕೆಲಸ ಶುರುವಾದದ್ದು ಅವತ್ತು.

ಆ ಕೆಲಸದ ಬಹುಪಾಲು ನಿಯಮ ಓದುವುದೇ. ಪತ್ರಿಕೆ ಚಂದ ಮಾಡಿ ಜೋಡಿಸಿದ ಪುಟಗಳು ಅವರ ಸ್ವತ್ತು. ಆದರೆ ತಜ್ಞರು ಪರಿಶೀಲಿಸಿ ಒಪ್ಪಿಕೊಂಡ, ಲೇಖಕರ ಬಳಿಯೇ ಉಳಿದಿರುವ ಕೊನೆಯ ಕರಡನ್ನು ಕಾಲೇಜಿನ ತಾಣದಲ್ಲಿ ಎಲ್ಲರಿಗೂ ತೆರೆದಿಡಲು ಎಷ್ಟೋ ಪತ್ರಿಕೆಗಳು ಒಪ್ಪುತ್ತವೆ. ಕೆಲವು ತಕ್ಷಣ, ಕೆಲವು ಒಂದಷ್ಟು ಕಾಲ ಬಿಟ್ಟು. ಯಾವುದು ಯಾವಾಗ ಎಂದು ನೋಡಿ, ಲೇಖಕರಿಂದ ಆ ಕರಡನ್ನು ಬಿಡಿಸಿಕೊಂಡು ತರುವುದು ನನ್ನ ಪಾಲಿನದು. ಕರಡು ಕೇಳಿದರೆ ಹತ್ತರಲ್ಲಿ ಎಂಟು ಜನ, ಎಲ್ಲೋ ಇತ್ತಲ್ಲಮ್ಮ ಅನ್ನುತ್ತಾರೆ. ಹೊಸಬರೇ, ಲೇಖನ ಸ್ವೀಕಾರವಾದ ದಿನವೇ ಅದನ್ನು ಕೇಳಿ ಇಟ್ಟುಕೊಳ್ಳಿ.

ನನ್ನ ಮೇಲಧಿಕಾರಿ ಗ್ರಂಥಪಾಲಕರು ವೆಂಕಟರಮಣಪ್ಪನವರು. ಶಿಡ್ಲಘಟ್ಟದವರು. ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು, ಮಾತಿನಲ್ಲಿ ಗಟ್ಟಿ. ಬೆಳಿಗ್ಗೆ ಬಂದ ಕೂಡಲೇ, ಚೀಲ ಕೆಳಗಿಡುವ ಮೊದಲೇ, "ಎಷ್ಟು ಜನ ನೋಡಿದ್ರಮ್ಮ?" ಅನ್ನುವರು. ಒಂದು ಸಲ ನಮ್ಮ ತಾಣದಲ್ಲಿದ್ದ ಹಿಪ್ಪುನೇರಳೆ ಎಲೆರೋಗದ ಲೇಖನವೊಂದನ್ನು ನೋಡಿದವರ ಸಂಖ್ಯೆ ಇದ್ದಕ್ಕಿದ್ದಂತೆ ಏರತೊಡಗಿತು. ವಾರಗಟ್ಟಲೆ ಏರಿತು. ವೆಂಕಟರಮಣಪ್ಪನವರು ಮೈಸೂರುಪಾಕು ತರಿಸಿ ಎಲ್ಲ ವಿಭಾಗಕ್ಕೂ ಹಂಚಿದರು. ಭಾನುವಾರ ಮಾತ್ರ ಯಾಕೆ ಯಾರೂ ನೋಡುವುದಿಲ್ಲ ಎಂದು ನನಗೆ ಅನುಮಾನ ಬಂತು. ವಿಚಾರಿಸಿದರೆ, ನಮ್ಮ ಕಂಪ್ಯೂಟರ್ ಲ್ಯಾಬಿನವರು ಕಾಲೇಜಿನ ಹೆಮ್ಮೆ ಎಂದು ಅಲ್ಲಿನ ಎಲ್ಲ ಯಂತ್ರಗಳಲ್ಲೂ ಆ ಲೇಖನವೇ ಮೊದಲು ತೆರೆಯುವಂತೆ ಮಾಡಿದ್ದರು. ಹುಡುಗರು ಕ್ರಿಕೆಟ್ ಸ್ಕೋರ್ ನೋಡಲು ಕೂತಾಗಲೆಲ್ಲ ಎಲೆರೋಗಕ್ಕೆ ಒಬ್ಬ ಓದುಗ ಹೆಚ್ಚುತ್ತಿದ್ದ. ಹೇಳಿದೆ. ವೆಂಕಟರಮಣಪ್ಪನವರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿ, "ಸಿಹಿ ವಾಪಸ್ ಕೇಳಕ್ಕಾಗಲ್ಲ, ಬಿಡಮ್ಮ" ಅಂದರು.

ಇಂಥವು ಎಷ್ಟೋ ಇವೆ. ಆದರೆ ನಾನು ಹೇಳಲೇಬೇಕಾದದ್ದು ಒಂದು ಲೇಖನದ ವಿಷಯ. ಅದನ್ನು ನಿಧಾನವಾಗಿ ಹೇಳುತ್ತೇನೆ.

ನಮ್ಮಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದ ಡಾಕ್ಟರ್ ಭಾರತಿ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯವಳು. ಮನೆಯಲ್ಲಿ ರೇಷ್ಮೆ ಹುಳು ಸಾಕಿ ಬೆಳೆದವಳು. ಆ ಗೂಡುಗಳು ಮಾರುಕಟ್ಟೆಯಿಂದ ಆಚೆಗೆ ಎಲ್ಲಿಗೆ ಹೋಗುತ್ತವೆ ಎಂದು ನೋಡಲು ಹೋಗಿ ಶಿಡ್ಲಘಟ್ಟದ ನೂಲು ತೆಗೆಯುವ ಘಟಕಗಳನ್ನು ಕಂಡಳು. ಅಲ್ಲಿ ಎಲ್ಲರೂ ಅವನ್ನು ಫಿಲೇಚರ್ ಅನ್ನುತ್ತಾರೆ. ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಬೇಯುತ್ತಿರುತ್ತದೆ, ಅದರ ಮುಂದೆ ಹೆಂಗಸರು ಕೂತು ಎಳೆ ಹಿಡಿದು ಕೊಡುತ್ತಾರೆ. ದಿನವಿಡೀ ಕೈ ನೀರಿನಲ್ಲಿ, ಮುಖ ಹಬೆಯಲ್ಲಿ. ಆ ಹಬೆ ಅವರ ಉಸಿರಿಗೆ ಏನು ಮಾಡುತ್ತದೆ ಎಂದು ಭಾರತಿ ಅಳೆಯಬೇಕೆಂದಳು. ಅಳೆಯುವುದು ಒಂದು ಕೊಳವೆಯಿಂದ. ಉಸಿರು ತುಂಬ ಎಳೆದುಕೊಂಡು ಅದರೊಳಗೆ ಜೋರಾಗಿ ಊದಬೇಕು.

ಅವಳು ಬಾಗಿಲು ಬಾಗಿಲಿಗೆ ಹೋದಳು. ಮಾಲೀಕರು ಒಪ್ಪಲಿಲ್ಲ. ಒಪ್ಪಿದವರು ಒಬ್ಬರೇ, ರಹಮತ್ ಸಾಹೇಬರು. ತಂದೆಯ ಕಾಲದಿಂದ ಫಿಲೇಚರ್ ನಡೆಸುತ್ತಿದ್ದವರು. "ನನ್ನ ತಾಯೀನೂ ಇದೇ ತೊಟ್ಟಿ ಮುಂದೆ ಕೂತಿದ್ರು ಡಾಕ್ಟ್ರೇ. ನೋಡಿ, ಏನಿದೆ ಗೊತ್ತಾಗ್ಲಿ" ಎಂದು ಚಹಾ ತರಿಸಿ ಕೊಟ್ಟರಂತೆ. ಅಲ್ಲಿನ ಹೆಂಗಸರು ಒಬ್ಬೊಬ್ಬರಾಗಿ ಊದಿದರು. ಮೊದಲು ಊದಿದವರು ಮುನಿರತ್ನಮ್ಮ, ಅವರಲ್ಲೆಲ್ಲ ಹಿರಿಯರು. ಉಳಿದವರು ನಕ್ಕರಂತೆ, "ಅಕ್ಕಾ, ಒಲೆ ಊದಿದಂಗೆ ಊದಕ್ಕಾ" ಎಂದು.

ಲೇಖನ ಅಚ್ಚಾಯಿತು. ಇಂಗ್ಲಿಷಿನಲ್ಲಿ, ಒಂದು ಗೌರವದ ಪತ್ರಿಕೆಯಲ್ಲಿ. ಅದು ಹೇಳಿದ್ದು ಎರಡು ಮಾತು. ಒಂದು, ಹಬೆ ಹೊರಗೆ ಹೋಗಲು ದಾರಿಯಿಲ್ಲದ ಕೋಣೆಯಲ್ಲಿ ವರ್ಷಗಟ್ಟಲೆ ಕೂತವರ ಉಸಿರಿನ ಬಲ ಕುಗ್ಗುತ್ತದೆ. ಎರಡು, ಅದೇ ಘಟಕದಲ್ಲಿ ಕಿಟಕಿಯ ಬಳಿ ಕೂತವರ ಉಸಿರು ಅಷ್ಟು ಕುಗ್ಗಿಲ್ಲ, ಆದ್ದರಿಂದ ಚಾವಣಿಯಲ್ಲಿ ಹಬೆಗೆ ದಾರಿ ಬಿಟ್ಟರೆ ಉಪಯೋಗವಾದೀತು. ಊದಿದವರ ಹೆಸರು ಅದರಲ್ಲಿ ಇರಲಿಲ್ಲ. ಇರಕೂಡದು, ಅದು ನಿಯಮ. ಒಬ್ಬೊಬ್ಬರೂ ಒಂದೊಂದು ಚುಕ್ಕೆಯಾಗಿ ಒಂದು ಚಿತ್ರದಲ್ಲಿದ್ದರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಅವಕಾಶ ಕೊಟ್ಟ ರಹಮತ್ ಸಾಹೇಬರಿಗೆ ಕೃತಜ್ಞತೆ ಇತ್ತು.

ನಾನು ಒಪ್ಪಿತ ಕರಡನ್ನು ತಾಣಕ್ಕೆ ಏರಿಸಿದೆ. ಕೆಲವು ಸಂಶೋಧಕರು ಓದಿದರು. ಒಬ್ಬರು ದೂರದಿಂದ ಭಾರತಿಗೆ ಬರೆದರು. ಅಷ್ಟಕ್ಕೇ ನಿಂತಿತು. ವೆಂಕಟರಮಣಪ್ಪನವರು, "ಇದು ಶಿಡ್ಲಘಟ್ಟದ ವಿಷಯ. ಶಿಡ್ಲಘಟ್ಟದೋರು ಓದ್ದೆ ಇನ್ಯಾರು ಓದ್ಬೇಕು? ಕನ್ನಡದಲ್ಲಿ ಕರಪತ್ರ ಮಾಡೋಣ" ಅಂದರು. ಅದು ಸರಿಯಾದ ಮಾತೇ. ಇವತ್ತಿಗೂ ಸರಿಯೆನ್ನುತ್ತೇನೆ.

ಒಂದು ಹಾಳೆ, ಎರಡು ಮಗ್ಗುಲು. ಭಾರತಿ ಕನ್ನಡದಲ್ಲಿ ಸರಳವಾಗಿ ಬರೆದಳು. ಅದನ್ನು ಹೇಗೆ ಜೋಡಿಸುವುದು ಎಂಬ ಮಾತು ಬಂದಾಗ ವೆಂಕಟರಮಣಪ್ಪನವರು ತಮ್ಮ ಅನುಭವ ಹೇಳಿದರು. "ನಮ್ ಕಡೆ ಜನ ಕಾಗದ ಕೈಗೆ ಬಂದ್ರೆ ಮೊದ್ಲು ಹೆಸರು ಹುಡುಕ್ತಾರಮ್ಮ. ಲಗ್ನಪತ್ರಿಕೆ ಆಗ್ಲಿ, ಶಾಲೆ ವಾರ್ಷಿಕೋತ್ಸವದ್ದಾಗ್ಲಿ. ನಮ್ಮೋರು ಯಾರಿದ್ದಾರೆ ನೋಡಿ ಆಮೇಲೆ ವಿಷಯ. ಹೆಸರು ಮುಂದಿಡಿ."

ಹಾಗೆಯೇ ಆಯಿತು. ಮುಂದಿನ ಮಗ್ಗುಲಲ್ಲಿ ಪ್ರಾಂಶುಪಾಲರ ಹೆಸರು, ವೆಂಕಟರಮಣಪ್ಪನವರ ಹೆಸರು, ಭಾರತಿಯ ಹೆಸರು, ಕೊನೆಗೆ ದೊಡ್ಡದಾಗಿ ರಹಮತ್ ಸಾಹೇಬರಿಗೆ ವಿಶೇಷ ಧನ್ಯವಾದ, ಅವರ ಬೀದಿ ಸಮೇತ, ಫಿಲೇಚರಿನ ಫೋಟೋ ಸಮೇತ. ಅದರ ಕೆಳಗೆ ಒಂದು ವಾಕ್ಯ: ಹಬೆಯಲ್ಲಿ ದುಡಿಯುವ ಮಹಿಳೆಯರ ಉಸಿರಿನ ಬಲ ಕುಗ್ಗುತ್ತಿರುವುದು ಕಂಡುಬಂದಿದೆ. ಏನು ಮಾಡಬೇಕು ಎಂಬುದು ಹಿಂದಿನ ಮಗ್ಗುಲಿಗೆ ಹೋಯಿತು. ಅಚ್ಚಿಗೆ ಕೊಡುವ ಮೊದಲು ಭಾರತಿ ಕರಡನ್ನು ರಹಮತ್ ಸಾಹೇಬರಿಗೆ ತೋರಿಸಿದಳು. ಅವರು ಹೆಸರಿನ ಮೇಲೆ ಬೆರಳಾಡಿಸಿ, "ನಮ್ಮಪ್ಪನ ಹೆಸರೂ ಹಾಕಬೋದಾ?" ಅಂದರಂತೆ. ಅದನ್ನೂ ಹಾಕಿದೆವು. ಅಚ್ಚಾಗಿ ಬಂದ ದಿನ ಅವರು ಒಂದು ಪ್ರತಿಯನ್ನು ಫಿಲೇಚರಿನ ಗಡಿಯಾರದ ಪಕ್ಕ ಅಂಟಿಸಿದರು. ನಾನೇ ನೋಡಿದ್ದೇನೆ. ನಾವೆಲ್ಲ ಸಂತೋಷದಿಂದಿದ್ದೆವು. ಮರ್ಯಾದೆ ಮಾಡಿದೆವು ಎಂದುಕೊಂಡಿದ್ದೆವು.

ಮುನಿರತ್ನಮ್ಮ ಮಾತ್ರ ಅವತ್ತು ಭಾರತಿಯನ್ನು ಕೇಳಿದರು. "ಊದಿದ್ದು ನಾವು ತಾನೆ? ನಮ್ ಹೆಸ್ರು ಎಲ್ಲೈತೆ?"

"ಹಾಕೋ ಹಾಗಿಲ್ಲ ಅಮ್ಮ. ನಿಮಗೇ ತೊಂದ್ರೆ ಆಗುತ್ತೆ."

"ಹೆಸ್ರು ಹಾಕುದ್ರೆ ತೊಂದ್ರೆನಾ? ಸಾಹೇಬ್ರಿಗೆ ಹಾಕಿದ್ದೀರಲ್ಲ?"

ಭಾರತಿ ನಿಯಮ ವಿವರಿಸಿದಳು. ಅವರು ಒಪ್ಪಲೂ ಇಲ್ಲ, ಜಗಳವಾಡಲೂ ಇಲ್ಲ. ತೊಟ್ಟಿಗೆ ಹೋಗಿ ಕೂತರು.

ಕರಪತ್ರಗಳು ಗೂಡಿನ ಮಾರುಕಟ್ಟೆಯಲ್ಲಿ ಹಂಚಿಕೆಯಾದವು. ಯಾರೋ ಒಬ್ಬರು ಮುಂದಿನ ಮಗ್ಗುಲಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಮುಂದಿನ ಮಗ್ಗುಲು ಮಾತ್ರ. ಎರಡು ಮಗ್ಗುಲಿನ ಹಾಳೆಯನ್ನು ಫೋನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ತಿರುವಿ ಇನ್ನೊಂದು ತೆಗೆಯುವ ತಾಳ್ಮೆ ಯಾರಿಗಿದೆ? ಆ ಚಿತ್ರ ಶಿಡ್ಲಘಟ್ಟದಿಂದ ಚಿಂತಾಮಣಿಗೆ, ಚಿಕ್ಕಬಳ್ಳಾಪುರಕ್ಕೆ, ಕೊನೆಗೆ ನಮ್ಮ ತೊಂಡೇಬಾವಿಯ ಗುಂಪಿಗೂ ಬಂತು. ನನ್ನ ಅತ್ತಿಗೆ ಅದನ್ನು ನನಗೇ ಕಳಿಸಿದಳು. ಜೊತೆಗೆ ಯಾರೋ ಬರೆದ ಒಂದು ಸಾಲು ಸೇರಿಕೊಂಡಿತ್ತು: ಈ ಫಿಲೇಚರ್‌ನಲ್ಲಿ ಉಸಿರಿನ ಕಾಯಿಲೆ, ಎಲ್ಲರಿಗೂ ತಿಳಿಸಿ.

ನಾನು ಅಷ್ಟು ವರ್ಷ ಮಾಡಿದ ಕೆಲಸದಲ್ಲಿ ಯಾವ ಲೇಖನವೂ ಅಷ್ಟು ಜನರನ್ನು ಮುಟ್ಟಿರಲಿಲ್ಲ. ವೆಂಕಟರಮಣಪ್ಪನವರು ಅವತ್ತು ಬೆಳಿಗ್ಗೆ ಬಂದವರು ಎಷ್ಟು ಜನ ನೋಡಿದ್ರು ಎಂದು ಕೇಳಲಿಲ್ಲ. ಚೀಲ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು.

ಆಮೇಲೆ ನಡೆದದ್ದು ನಾನು ಕೇಳಿ ತಿಳಿದದ್ದು. ಮಾರುಕಟ್ಟೆಯಲ್ಲಿ ಬೇರೆ ಮಾಲೀಕರು ರಹಮತ್ ಸಾಹೇಬರನ್ನು, "ಏನ್ ಸಾಹೇಬ್ರೇ, ನಿಮ್ದು ಫಿಲೇಚರಾ, ಆಸ್ಪತ್ರೇನಾ? ಗೂಡು ತಗೊಂಡೋಗ್ತೀರೋ, ಮಾತ್ರೆ ತಗೊಂಡೋಗ್ತೀರೋ?" ಎಂದು ಆಡಿಕೊಂಡರು. ಪಕ್ಕದ ಮನೆಯವರು ದೂರು ಕೊಡುತ್ತೇವೆ ಎಂದರು. ಕೆಲವು ಹೆಂಗಸರನ್ನು ಮನೆಯವರು ಕೆಲಸಕ್ಕೆ ಬಿಡಲಿಲ್ಲ. ಅರ್ಧ ತೊಟ್ಟಿ ಖಾಲಿ ಇಟ್ಟುಕೊಂಡು ಬಾಯ್ಲರ್ ಉರಿಸಲಾಗದೆ ಅವರು ಘಟಕ ನಿಲ್ಲಿಸಿದರು. ಕೆಲಸ ಬೇಕೆಂದವರು ಬೇರೆ ಫಿಲೇಚರುಗಳಿಗೆ ಹೋದರೆ ಅಲ್ಲಿ ಸೇರಿಸಿಕೊಳ್ಳಲಿಲ್ಲ. ಅವರಿಗೆ ಒಂದು ಹೆಸರೂ ಬಂದಿತ್ತು. ಊದಿದೋರು.

ನಾವು ಅವರ ಹೆಸರು ಹಾಕಿರಲಿಲ್ಲ. ಸಾಹೇಬರ ಹೆಸರು, ಬೀದಿ, ಫೋಟೋ ಹಾಕಿದ ಮೇಲೆ ಅವರ ಹೆಸರಿನ ಅಗತ್ಯವೇ ಊರಿಗೆ ಇರಲಿಲ್ಲ.

ಒಂದು ಮಧ್ಯಾಹ್ನ ಮುನಿರತ್ನಮ್ಮ ಬಸ್ಸು ಹತ್ತಿ ಕಾಲೇಜಿಗೆ ಬಂದರು. ಭಾರತಿ ತರಗತಿಯಲ್ಲಿದ್ದಳು. ಯಾರೋ ಅವರನ್ನು ಗ್ರಂಥಾಲಯಕ್ಕೆ ಕಳಿಸಿದ್ದರು. ಒಳಗೆ ಬರುವಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ನಮ್ಮಲ್ಲಿ ಯಾರೂ ಬಿಡುವುದಿಲ್ಲ. ಕುರ್ಚಿ ಎಳೆದುಕೊಟ್ಟೆ. ಎರಡು ಮಹಡಿ ಹತ್ತಿದ್ದಕ್ಕೆ ಉಸಿರು ಸಮ ಮಾಡಿಕೊಳ್ಳಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಲೇಖನದಲ್ಲಿ ಅಂಕಿಯಾಗಿ ಓದಿದ್ದನ್ನು ನಾನು ಮೊದಲ ಸಲ ಕಿವಿಯಲ್ಲಿ ಕೇಳಿದೆ.

"ಡಾಕ್ಟ್ರಮ್ಮ ಇಲ್ವಾ?"

"ಕ್ಲಾಸಿನಲ್ಲಿದ್ದಾರೆ. ಬರ್ತಾರೆ. ನೀರು ಕುಡೀರಿ."

ನೀರು ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ವರ್ಷಗಟ್ಟಲೆ ಬಿಸಿನೀರಿನಲ್ಲಿ ನೆನೆದ ಅವರ ಬೆರಳ ತುದಿಗಳು ಕೆಲಸ ನಿಂತ ಮೇಲೂ ಒರಟಾಗಿ ಬಿರಿದಿದ್ದವು.

"ನಮ್ ಉಸ್ರು ಊರೂರು ತಿರುಗ್ತಾ ಐತೆ ಅಮ್ಮಯ್ಯ. ನಾವು ಮನೇಲಿ ಕೂತಿದ್ದೀವಿ. ಬೇರೆ ಕಡೆ ಹೋದ್ರೆ, ನೀವು ಊದಿದೋರು, ಬ್ಯಾಡ ಅಂತಾರೆ. ಏನ್ ಬರ್ದಿದ್ದೀರ ಅದ್ರಲ್ಲಿ? ಓದಿ ಹೇಳು."

ಕರಪತ್ರ ತೆಗೆದು ಓದಿದೆ. ಮುಂದಿನ ಮಗ್ಗುಲು ಮುಗಿಸಿ, ತಿರುವಿ, ಹಿಂದಿನದನ್ನು ಓದತೊಡಗಿದೆ. ಹಬೆಗೆ ಚಾವಣಿಯಲ್ಲಿ ದಾರಿ, ಹೊರಗೆ ತಳ್ಳುವ ಫ್ಯಾನು, ಬೆಂದ ಹುಳುವನ್ನು ಕೋಣೆಯಲ್ಲಿ ಗುಡ್ಡೆ ಹಾಕದೆ ಆಗಿಂದಾಗಲೇ ಹೊರಗೆ ಸಾಗಿಸುವುದು, ಒಬ್ಬರೇ ದಿನವೆಲ್ಲ ಒಳಗಿನ ತೊಟ್ಟಿಗೆ ಕೂರದೆ ಸರದಿಯಲ್ಲಿ ಕಿಟಕಿಯ ಕಡೆಗೆ ಬರುವುದು.

ಅವರು ಕೈ ಎತ್ತಿ ನಿಲ್ಲಿಸಿದರು. "ಇದೆಲ್ಲಿತ್ತು?"

"ಇದೇ ಹಾಳೆ. ಹಿಂಬದಿ."

ಅವರು ಸಣ್ಣ ಫೋನು ತೆಗೆದು ಮಗಳು ಕಳಿಸಿದ್ದ ಚಿತ್ರ ತೋರಿಸಿದರು. ಹೆಸರುಗಳು, ಫೋಟೋ, ಒಂದು ವಾಕ್ಯ. "ನಂಗೆ ಇಷ್ಟೇ ಬಂದಿದ್ದು. ಎಲ್ಲಾರ್ಗೂ ಇಷ್ಟೇ. ಇದ್ರಲ್ಲಿ ಕಾಯ್ಲೆ ಐತೆ. ದಾರಿ ಇಲ್ಲ."

ಅಷ್ಟರಲ್ಲಿ ಭಾರತಿ ಬಂದಳು. ವೆಂಕಟರಮಣಪ್ಪನವರೂ ತಮ್ಮ ಕೋಣೆಯಿಂದ ಎದ್ದು ಬಂದು ಕಪಾಟಿಗೆ ಒರಗಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ ತಿಳಿಯದು. ಮುನಿರತ್ನಮ್ಮ ಭಾರತಿಯನ್ನು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಅದ್ರಲ್ಲಿ ನಂದು ಎಷ್ಟು? ಊದಿಸ್ಕೊಂಡು ಹೋದ್ರಿ. ಊರಿಗೆಲ್ಲಾ ಹೇಳಿದ್ರಿ. ನಂಗೆ ಹೇಳ್ಲಿಲ್ಲ."

ಒಬ್ಬೊಬ್ಬರಿಗೂ ಅವರವರ ಅಳತೆ ಹೇಳುವುದು ಭಾರತಿಯ ಉದ್ದೇಶದಲ್ಲಿ ಇತ್ತು. ಮುಂದಿನ ಭೇಟಿಯಲ್ಲಿ ಹೇಳುತ್ತೇನೆಂದು ಇಟ್ಟುಕೊಂಡಿದ್ದಳು. ಅವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಮುನಿರತ್ನಮ್ಮ ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದರು. ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದೆ. ಬೇಡವೆಂದರು.

ವೆಂಕಟರಮಣಪ್ಪನವರು ಮೊದಲು, ಲೇಖನವನ್ನೇ ತಾಣದಿಂದ ಇಳಿಸಿಬಿಡೋಣ ಅಂದರು. ನಾನು ಹೇಳಿದೆ, ನಮ್ಮ ತಾಣದಿಂದ ಇಳಿಸಿದರೆ ಜನರ ಫೋನಿನಿಂದ ಇಳಿಯುವುದಿಲ್ಲ. ಅಲ್ಲಿ ಉಳಿಯುವುದು ಆ ಅರ್ಧ ಹಾಳೆ ಒಂದೇ. ದುಡ್ಡಿಲ್ಲದೆ ಪೂರ್ತಿ ಓದಲು ಸಿಗುವುದು ನಮ್ಮಲ್ಲಿ ಮಾತ್ರ, ಅದನ್ನೂ ತೆಗೆದರೆ ಸುಳ್ಳಿಗೆ ಎದುರಾಡಲು ಏನೂ ಉಳಿಯುವುದಿಲ್ಲ. ಅವರು ನನ್ನ ಕಂಪ್ಯೂಟರಿನ ಹತ್ತಿರ ಬಂದು ಕರಪತ್ರದ ಕಡೆಗೆ ಬೆರಳು ತೋರಿಸಿದರು. "ಮೊದ್ಲು ನನ್ ಹೆಸರು ತೆಗಿ."

ತೆಗೆದೆ. ಒಂದಾದ ಮೇಲೊಂದು ಎಲ್ಲ ಹೆಸರುಗಳೂ ಹೋದವು. ಹೊಸ ಹಾಳೆ ಒಂದೇ ಮಗ್ಗುಲಿನದು. ಮೇಲುಗಡೆ ದೊಡ್ಡ ಅಕ್ಷರದಲ್ಲಿ ಹಬೆ ಹೊರಗೆ ಹೋಗಲಿ ಎಂದು. ನಡುವೆ ಚಾವಣಿಗೆ ಎಲ್ಲಿ ದಾರಿ ಬಿಡಬೇಕು ಎಂಬ ಗೆರೆಚಿತ್ರ. ಯಾವ ತುದಿಯಿಂದ ಫೋಟೋ ತೆಗೆದರೂ ದಾರಿ ಬಿಟ್ಟುಹೋಗದ ಹಾಗೆ. ಅಚ್ಚಿಗೆ ಕೊಡುವ ಮೊದಲು ರಹಮತ್ ಸಾಹೇಬರ ಮನೆಗೆ ಹೋಗಬೇಕು ಎಂದು ಭಾರತಿ ಹೇಳಿದಳು. ಮೂವರೂ ಹೋದೆವು.

ಅವರು ಕೂರಿ ಅನ್ನಲಿಲ್ಲ. ಜಗುಲಿಯ ಮೇಲೇ ನಿಂತು ಮಾತಾಡಿದರು. "ಎಲ್ಲಾರೂ ಬಾಗ್ಲು ಹಾಕ್ಕೊಂಡಿದ್ರು ಡಾಕ್ಟ್ರೇ. ತೆಗ್ದೋನು ನಾನೊಬ್ನೇ. ಈಗ ಬಾಗ್ಲು ಹಾಕ್ಕೊಂಡೋರ ಫಿಲೇಚರ್ ನಡೀತಿದೆ, ತೆಗ್ದೋನ ಫಿಲೇಚರ್ ನಿಂತಿದೆ. ಇದೇನಾ ನಿಮ್ ವಿಜ್ಞಾನ?"

ಭಾರತಿ ಹಾಳೆ ಮುಂದೆ ಹಿಡಿದಳು. ಅವರು ತೆಗೆದುಕೊಂಡರು, ತಿರುವಿ ಹಿಂದೆ ನೋಡಿದರು, ಖಾಲಿ ಇತ್ತು. ಮತ್ತೆ ಮುಂದೆ ತಿರುವಿ ಓದಿದರು.

"ನನ್ನ ಹೆಸರಿಲ್ಲ."

"ಯಾರದ್ದೂ ಇಲ್ಲ" ಅಂದರು ವೆಂಕಟರಮಣಪ್ಪನವರು.

"ಅದು ಸರಿ. ಆದ್ರೆ ನನ್ನ ಕೋಣೇನೂ ಬೇರೆಯವ್ರ ಕೋಣೇನೂ ಒಂದೇ ಅಂತ ಇದ್ರಲ್ಲಿ ಎಲ್ಲಿದೆ? ನನ್ನಲ್ಲೇ ಯಾಕೆ ಅಳೆದ್ರಿ ಅಂತ ಎಲ್ಲಿದೆ?"

ಇರಲಿಲ್ಲ. ಅಲ್ಲೇ ಜಗುಲಿಯ ಮೇಲೆ, ಅವರು ಹೇಳಿದ ಹಾಗೆ ಒಂದು ವಾಕ್ಯ ಸೇರಿಸಿಕೊಂಡೆ: ಒಂದು ಘಟಕ ಮಾತ್ರ ಅಳೆಯಲು ಅವಕಾಶ ಕೊಟ್ಟಿತು, ಆದರೆ ಕೋಣೆಯ ಕಟ್ಟಡ ಎಲ್ಲ ಕಡೆಯೂ ಒಂದೇ ಬಗೆಯದು. ಅದು ಲೇಖನದಲ್ಲೂ ಇದ್ದ ಮಾತೇ, ಕನ್ನಡಕ್ಕೆ ಬರುವಾಗ ಜಾಗ ಸಾಲದೆ ಬಿಟ್ಟುಹೋಗಿತ್ತು. ಜಾಗವನ್ನು ಹೆಸರುಗಳು ತೆಗೆದುಕೊಂಡಿದ್ದವು. ಅವರು ಅದನ್ನು ಓದಿಸಿ ಕೇಳಿ, "ಹೆಸರು ಕೆಟ್ಟಿದ್ದೂ ನಂದೇ, ಸೂರು ಒಡೆಯೋದೂ ನಂದೇ. ಒಡೀತೀನಿ" ಅಂದರು. ಹೇಳಿದ್ದರಲ್ಲಿ ಸಿಟ್ಟೇ ಹೆಚ್ಚಿತ್ತು. ಒಳಗಿನಿಂದ ಚಹಾ ಬಂತು. ನಿಂತುಕೊಂಡೇ ಕುಡಿದೆವು.

ಹೊಸ ಹಾಳೆಯನ್ನು ಮಾರುಕಟ್ಟೆಯಲ್ಲಿ ಯಾರೂ ಇಟ್ಟುಕೊಳ್ಳಲಿಲ್ಲ. ಅದೇ ಕಾಲೇಜಿನದಾ ಎಂದು ಕೇಳಿ, ಯಾರ ಹೆಸರೂ ಕಾಣದೆ ಹಿಂದಕ್ಕೆ ಕೊಟ್ಟರು. ಜನ ಮೊದಲು ಹೆಸರು ಹುಡುಕುತ್ತಾರೆ ಎಂಬ ವೆಂಕಟರಮಣಪ್ಪನವರ ಮಾತು ನಿಜವಾಗಿತ್ತು. ಅವರು ಅದನ್ನು ಎತ್ತಿ ಆಡಲಿಲ್ಲ.

ದಾರಿ ತೋರಿಸಿದ್ದು ಮುನಿರತ್ನಮ್ಮ. ಭಾರತಿ ಅವರ ಮನೆಗೆ ಹೋಗಿ ಹೊಸ ಹಾಳೆ ಓದಿ ಹೇಳಿದಾಗ, "ಇದ್ನ ನಾನೇ ಫೋನಲ್ಲಿ ಹೇಳ್ತೀನಿ" ಅಂದರು. ಭಾರತಿ ಹೆದರಿದಳು. ದನಿ ಕೇಳಿದರೆ ಯಾರೆಂದು ಗೊತ್ತಾಗುತ್ತದೆ ಎಂದಳು. "ಗೊತ್ತಾಗ್ಲಿ. ಹೆಸ್ರು ಹಾಕ್ಬ್ಯಾಡ ಅಂದ್ರೆ ನಿಮ್ ರೂಲು. ದನಿ ನಂದು. ನಾನ್ ಕೊಡ್ತೀನಿ." ಅವರು ಮಾತಾಡಿದ್ದನ್ನು ನಾನು ಧ್ವನಿಮುದ್ರಿಸಿಕೊಂಡೆ. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ. ನಡುವೆ ಕೆಮ್ಮಿದರು. ಕತ್ತರಿಸಲೇ ಎಂದು ಕೇಳಿದೆ. "ಅದ್ಕೇ ತಾನೆ ಹೇಳ್ತಿರೋದು? ಇರ್ಲಿ" ಅಂದರು.

ಆ ದನಿ ಮೊದಲ ಹಾಳೆಯಷ್ಟು ದೂರ ಹೋಗಲಿಲ್ಲ. ತೊಂಡೇಬಾವಿಗೆ ಬರಲಿಲ್ಲ. ಶಿಡ್ಲಘಟ್ಟದ ಬೀದಿಗಳಲ್ಲೇ, ತೊಟ್ಟಿಗಳ ಮುಂದೆ ಕೂತವರ ಫೋನುಗಳಲ್ಲೇ ಓಡಾಡಿತು. ಹೆಂಗಸರು ತಮ್ಮ ತಮ್ಮ ಮಾಲೀಕರನ್ನು ಸೂರಿನ ಕಡೆ ನೋಡುವಂತೆ ಮಾಡಿದರು. ರಹಮತ್ ಸಾಹೇಬರು ಹೇಳಿದಂತೆ ಚಾವಣಿ ತೆಗೆಸಿ ಹಬೆಗೆ ದಾರಿ ಬಿಟ್ಟು, ಮತ್ತೆ ಬಾಯ್ಲರ್ ಹೊತ್ತಿಸಿದರು. ಬಿಟ್ಟು ಹೋದವರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಬಂದರು ಎಂದು ಹೇಳಲಾರೆ. ಇಬ್ಬರನ್ನು ಆಮೇಲೆ ನಾನು ಕಾಣಲಿಲ್ಲ. ಬೇರೆ ಕೆಲವು ಮಾಲೀಕರು ಕತ್ತಲಾದ ಮೇಲೆ ಬಂದು, ಸೂರು ಹೇಗೆ ತೆಗೆಸಿದಿರಿ ಎಂದು ಸಾಹೇಬರನ್ನು ಮೆಲ್ಲಗೆ ಕೇಳಿಹೋದರಂತೆ. "ಆಸ್ಪತ್ರೆಗೆ ರೋಗಿಗಳು ಬರ್ತಿದ್ದಾರೆ" ಎಂದು ಸಾಹೇಬರು ನಗುತ್ತಿದ್ದರು.

ನಾನು ನಿವೃತ್ತಳಾಗುವ ಮುಂಚೆ ಭಾರತಿ ಅದೇ ಹೆಂಗಸರ ಉಸಿರನ್ನು ಮತ್ತೊಮ್ಮೆ ಅಳೆದು ಎರಡನೆಯ ಲೇಖನ ಬರೆದಳು. ಸ್ವೀಕಾರವಾದ ದಿನವೇ ಕರಡು ನನ್ನ ಬಳಿ ಬಂತು. ತಾಣಕ್ಕೆ ಏರಿಸಲು ಎಲ್ಲ ಸಿದ್ಧ ಮಾಡಿದ್ದೆ. ಭಾರತಿ, "ಒಂದು ದಿನ ತಡೀರಿ ಮೇಡಂ" ಅಂದಳು. ಅದರ ಒಂದೇ ಒಂದು ಪ್ರತಿ ಮುದ್ರಿಸಿಕೊಂಡು ಇಬ್ಬರೂ ಶಿಡ್ಲಘಟ್ಟದ ಬಸ್ಸು ಹತ್ತಿದೆವು.

ರಹಮತ್ ಸಾಹೇಬರ ಫಿಲೇಚರಿನಲ್ಲಿ ಗೂಡು ಇಡುವ ಸಣ್ಣ ಕೋಣೆಯೊಂದಿದೆ. ಭಾರತಿ ಅದರೊಳಗೆ ಕೂತಳು. ಹೆಂಗಸರು ಸರದಿಯಲ್ಲಿ ಕೈ ಒರೆಸಿಕೊಂಡು ಒಬ್ಬೊಬ್ಬರಾಗಿ ಒಳಗೆ ಹೋದರು. ಒಳಗೆ ಹೋದವರ ಹಿಂದೆ ಬಾಗಿಲು ಮುಚ್ಚುತ್ತಿತ್ತು. ಅವಳು ಆ ಚಿತ್ರದಲ್ಲಿ ಅವರವರ ಚುಕ್ಕೆಯನ್ನು ಅವರವರಿಗೆ ಮಾತ್ರ ತೋರಿಸುತ್ತಿದ್ದಳು. ನಾನು ಹೊರಗೆ ನಿಂತಿದ್ದೆ. ಯಾರ ಚುಕ್ಕೆ ಯಾವುದು ಎಂದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದದ್ದೂ ಅಲ್ಲ. ಹೊರಗೆ ಬಂದ ಕೆಲವರು ನಕ್ಕರು. ಒಬ್ಬಳು ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಿದ್ದು, ಮತ್ತೆ ತೊಟ್ಟಿಗೆ ಹೋದಳು.

ಕೊನೆಗೆ ಹೋದವರು ಮುನಿರತ್ನಮ್ಮ. ಅವರಿಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ನಾನು ತಲೆಯೆತ್ತಿ ಚಾವಣಿ ನೋಡುತ್ತಿದ್ದೆ. ಹಬೆ ಮೇಲೆ ಹೋಗಿ, ಅಲ್ಲಿ ಬಿಟ್ಟ ದಾರಿಯಿಂದ ಬಿಸಿಲಿಗೆ ಹೊರಬೀಳುತ್ತಿತ್ತು. ಬಾಗಿಲು ತೆರೆಯಿತು. ಅವರು ನನ್ನ ಪಕ್ಕ ಬಂದು ನಿಂತರು.

"ನನ್ ಚುಕ್ಕೆ ಮೇಲೆ ಹೋಗಿಲ್ಲ" ಅಂದರು. "ಕೆಳಗೂ ಇಳ್ದಿಲ್ಲ ಅಮ್ಮಯ್ಯ. ಅಲ್ಲೇ ನಿಂತೈತೆ."

ಆಮೇಲೆ ಕಿಟಕಿಯ ಬಳಿಯ ತೊಟ್ಟಿಗೆ ಹೋಗಿ ಕೂತು, ಎಳೆ ಹುಡುಕಲು ನೀರಿಗೆ ಕೈ ಹಾಕಿದರು. ಮಾರನೆಯ ದಿನ ನಾನು ಲೇಖನವನ್ನು ತಾಣಕ್ಕೆ ಏರಿಸಿದೆ.